ಮಗುವಿಗೆ ಹೊತ್ತಿನ ಲೆಕ್ಕ

ಮನೆಯ ಮಗು ಮುಳ್ಳುಗಳನ್ನು ನೋಡಿ ಗಂಟೆ ಎಷ್ಟೆಂದು ಹೇಳಿಬಿಟ್ಟರೆ ನಮಗೆಲ್ಲ ಹಿಗ್ಗು. ಆದರೆ “ನಿಮಿಷವೆಂದರೆ ಏನು?” ಎಂದು ಅದು ಕೇಳಿದರೆ ಏನು ಹೇಳುವಿರಿ? ಗಡಿಯಾರವನ್ನು ಓದುವುದು ಬೇರೆ, ಹೊತ್ತನ್ನು ಅರಿಯುವುದು ಬೇರೆ.

ಹೊತ್ತು ಕಣ್ಣಿಗೆ ಕಾಣದು, ಕೈಗೆ ಸಿಕ್ಕದು. ಅದನ್ನು ಅಳೆಯುವುದೆಂತು? ಒಂದೇ ಸಮನೆ ಮರಳಿ ಮರಳಿ ನಡೆಯುವುದೊಂದನ್ನು ಹಿಡಿದು ಎಣಿಸಬೇಕು. ಮನುಷ್ಯನ ಉಪಾಯವೆಲ್ಲ ಇಷ್ಟೇ. ಸೂರ್ಯೋದಯವನ್ನು ಎಣಿಸಿದರೆ ದಿನ, ಹುಣ್ಣಿಮೆಯನ್ನು ಎಣಿಸಿದರೆ ತಿಂಗಳು, ಋತುಗಳ ಸುತ್ತನ್ನು ಎಣಿಸಿದರೆ ವರ್ಷ.

ದಿನವನ್ನು ಪಾಲುಮಾಡಲು ನಮ್ಮ ಹಿರಿಯರಿಗೆ ಗಳಿಗೆ ಬಟ್ಟಲಿತ್ತು. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲು ನೀರಿನಲ್ಲಿ ತೇಲುತ್ತ, ತುಂಬುತ್ತ ಮುಳುಗಿತೆಂದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂಥ 60 ಗಳಿಗೆಗೆ ಒಂದು ದಿನ. ತೂತು ಹಿರಿದಾದರೆ ಬಟ್ಟಲು ಬೇಗ ಮುಳುಗುತ್ತದೆ. ತೂತಾದ ಹಳೆಯ ಡಬ್ಬಿಯನ್ನೂ ಒಂದು ಬಕೆಟ್ಟು ನೀರನ್ನೂ ಕೊಟ್ಟರೆ ಮಕ್ಕಳು ಇದನ್ನು ತಾವೇ ಕಂಡುಕೊಳ್ಳುತ್ತಾರೆ.

ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ 1656ರಲ್ಲಿ ಲೋಲಕದ ಗಡಿಯಾರವನ್ನು ರೂಪಿಸಿದನು. ಅದರ ಗುಟ್ಟನ್ನೂ ಮನೆಯಲ್ಲಿಯೇ ತೋರಿಸಬಹುದು. ದಾರಕ್ಕೆ ಪುಟ್ಟ ಕಲ್ಲೊಂದನ್ನು ಕಟ್ಟಿ, ಒಂದು ಮೀಟರ್ ಉದ್ದ ಬಿಟ್ಟು ತೂಗುಹಾಕಿ, ಮೆಲ್ಲನೆ ಓಲಾಡಿಸಿರಿ. ಕಲ್ಲು ಈ ಕಡೆಯಿಂದ ಆ ಕಡೆಗೆ ಹೋಗಲು ಹೆಚ್ಚುಕಡಿಮೆ ಒಂದು ಸೆಕೆಂಡು ಹಿಡಿಯುತ್ತದೆ. ಮಗು ಹೀಗೆ 60 ಎಣಿಸಲಿ. ಒಂದು ನಿಮಿಷವನ್ನು ಅದು ತಾನೇ ಅಳೆದಂತಾಯಿತು! ಪರಮಾಣು ಗಡಿಯಾರ ಮಾಡುವುದೂ ಎಣಿಕೆಯನ್ನೇ. 1967ರಲ್ಲಿ ಜಗತ್ತು ಒಪ್ಪಿಕೊಂಡಂತೆ, ಸೀಸಿಯಂ ಪರಮಾಣುವಿನ ವಿಕಿರಣದ 919 ಕೋಟಿಗೂ ಮಿಕ್ಕ ಕಂಪನಗಳು ಸೇರಿದರೆ ಒಂದು ಸೆಕೆಂಡು.

ಇನ್ನೊಂದು ವಿಷಯ. ಅಂಗಳದಲ್ಲಿ ಕೋಲು ನೆಟ್ಟು, ಅದರ ನೆರಳು ಅತಿ ಗಿಡ್ಡವಾಗುವ ಗಳಿಗೆಯನ್ನು ನೋಡಿರಿ. ಅದೇ ನಿಮ್ಮೂರಿನ ನಿಜವಾದ ನಡುಹಗಲು. ಬೆಂಗಳೂರಿನಲ್ಲಿ ಆಗ ಗಡಿಯಾರ ಹನ್ನೆರಡನ್ನು ದಾಟಿರುತ್ತದೆ. ಗಡಿಯಾರ ತಪ್ಪಿತೆ? ಇಲ್ಲ. ನಡುಹಗಲು ಊರೂರಿಗೂ ಬೇರೆ. ಆದರೆ ರೈಲಿಗೂ ರೇಡಿಯೋಗೂ ದೇಶಕ್ಕೆಲ್ಲ ಒಂದೇ ಗಂಟೆ ಬೇಕು. ಅದಕ್ಕೆಂದೇ ಪೂರ್ವ ರೇಖಾಂಶ 82½ ಡಿಗ್ರಿಯ ಹೊತ್ತನ್ನು ಭಾರತವೆಲ್ಲ ತನ್ನದೆಂದು ಒಪ್ಪಿದೆ. ವಾರ್ತೆಯ ಹೊತ್ತಿಗೆ ನೀವು ರೇಡಿಯೋ ತಿರುಗಿಸುವುದು ಈ ಒಪ್ಪಂದದ ನಂಬಿಕೆಯ ಮೇಲೆಯೇ.

ಮನೆಯಲ್ಲಿಯೂ ಈ ನಂಬಿಕೆ ಬೇಕು. “ಐದು ನಿಮಿಷ ತಾಳು” ಎಂದು ಅರ್ಧ ಗಂಟೆ ಕಾಯಿಸಿದರೆ, ನಿಮಿಷಕ್ಕೆ ಅಳತೆಯೇ ಇಲ್ಲವೆಂದು ಮಗು ಕಲಿಯುತ್ತದೆ. ಕಲ್ಲಿನ ಓಲಾಟವನ್ನು ಎಣಿಸಿ ಕಲಿತ ಮಗುವಿಗೆ ಐದು ನಿಮಿಷವೆಂದರೆ ಮುನ್ನೂರು ಎಂದು ಗೊತ್ತು. ಮಾತು ಕೊಡುವಾಗ ಅದು ನಮಗೂ ನೆನಪಿರಲಿ.