ಗುಳಗಿ ಬಿಟ್ಟ ಮೊದಲ ವಾರ

ಅಣ್ಣನ ಗುಳಗಿ ನಿಲ್ಲಿಸಿದ್ದು ನಾನೇ. ಮನೆಯಲ್ಲಿ ಯಾರೂ ಈಗ ಅದನ್ನು ಎತ್ತಿ ಆಡುವುದಿಲ್ಲ. ಆದರೆ ನಾನು ಮರೆತಿಲ್ಲ.

ನಮ್ಮದು ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಉದ್ದು, ಹೆಸರು, ಸೋಯಾ ಬೆಳೆಯುವ ಮನೆತನ. ಅಣ್ಣ ಭಾಲ್ಕಿಯಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ಕೊನೆಯ ವರ್ಷ ರಜೆಗೆಂದು ಊರಿಗೆ ಬಂದವನು ಮತ್ತೆ ಕಾಲೇಜಿಗೆ ಹೋಗಲಿಲ್ಲ. ಮಾತು ಕಡಿಮೆಯಾಯಿತು. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದ. ಭಾಲ್ಕಿಯ ಗೆಳೆಯರು ತನ್ನನ್ನು ಬೈಯುವುದು ಇಲ್ಲಿಗೂ ಕೇಳುತ್ತದೆ ಎನ್ನುತ್ತಿದ್ದ. ಒಂದು ದಿನ ಮೊಬೈಲನ್ನು ಬಾವಿಗೆ ಎಸೆದು ಬಂದ. ಕೇಳಿದರೆ, ‘ಅದರಾಗಿಂದ ನನ್ನ ನೋಡ್ಲಿಕತ್ತಾರ’ ಎಂದ.

ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಾಳಿ ಸೋಕಿದೆ ಎಂದರು, ಮಾಟ ಎಂದರು, ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದರು. ಆಯಿ ದೃಷ್ಟಿ ತೆಗೆದಳು, ಅವ್ವ ಸೋಮವಾರ ಹಿಡಿದಳು, ಅಪ್ಪ ತಾಯತ ಕಟ್ಟಿಸಿದ. ಏಳು ತಿಂಗಳು ಹೀಗೇ ಹೋದವು. ಕೊನೆಗೆ ಪರಿಚಯದ ಔಷಧ ಅಂಗಡಿಯವರೊಬ್ಬರು ಅಪ್ಪನನ್ನು ಬದಿಗೆ ಕರೆದು, ‘ಇದು ಮನಸಿನ ಡಾಕ್ಟರ್ ನೋಡೋ ಬ್ಯಾನಿ. ಬೀದರಕ್ಕ ಒಯ್ರಿ’ ಎಂದರು.

ಬೀದರ್‌ನಲ್ಲಿ ಮನೋವೈದ್ಯರು ಎರಡು ಮೂರು ಸಲ ಕೂರಿಸಿ ಮಾತಾಡಿಸಿದ ಮೇಲೆ ಕಾಯಿಲೆಯ ಹೆಸರು ಹೇಳಿದರು: ಸ್ಕಿಜೋಫ್ರೇನಿಯಾ. ಜಗತ್ತಿನಲ್ಲಿ ಸುಮಾರು ಮುನ್ನೂರು ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ ಇದು. ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ, ಅಂದರೆ ನಾವು ಕಾಲೇಜಿನಲ್ಲೋ ಕೆಲಸ ಹುಡುಕುತ್ತಲೋ ಇರುವ ವಯಸ್ಸಿನಲ್ಲಿ. ಅಣ್ಣನಿಗೆ ರಿಸ್ಪೆರಿಡೋನ್ ಎಂಬ ಗುಳಗಿ ಬರೆದುಕೊಟ್ಟರು. ‘ನಿದ್ದಿ ಬೇಗ ಸುಧಾರಿಸ್ತದ. ದನಿ ಕಡಿಮಿ ಆಗ್ಲಿಕ್ಕೆ ವಾರಗಟ್ಟಲೆ ಬೇಕು. ನಡುವ ಬಿಡಬ್ಯಾಡ್ರಿ’ ಎಂದರು.

ಅವರು ಹೇಳಿದಂತೆಯೇ ಆಯಿತು. ಎರಡು ತಿಂಗಳಲ್ಲಿ ಅಣ್ಣ ನಮ್ಮೊಂದಿಗೆ ಕೂತು ಊಟ ಮಾಡತೊಡಗಿದ. ಆದರೆ ಚಹಾದ ಕಪ್ಪು ಹಿಡಿದರೆ ಕೈ ನಡುಗುತ್ತಿತ್ತು. ನಡಿಗೆ ಬಿಗಿಯಾಗಿತ್ತು. ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ.

ಆಗ ನಾನು ಬಿ.ಇ. ಮೊದಲ ವರ್ಷ. ದೀಪಾವಳಿ ರಜೆಗೆ ಬಂದವಳು ಮೊಬೈಲ್‌ನಲ್ಲಿ ಆ ಗುಳಗಿಯ ಹೆಸರು ಹಾಕಿ ಅಡ್ಡಪರಿಣಾಮಗಳ ಪಟ್ಟಿ ಓದಿದೆ. ಓದುತ್ತ ಓದುತ್ತ ಸಿಟ್ಟು ಬಂತು. ‘ಅಣ್ಣ ಆರಾಮ ಆಗ್ಯಾನ. ಈಗ ಗುಳಗೀನೇ ಅವನ್ನ ಕೆಡಿಸ್ಲಿಕತ್ತದ’ ಎಂದು ಅಪ್ಪನಿಗೆ ಹೇಳಿದೆ. ಎಂಜಿನಿಯರಿಂಗ್ ಓದುವ ಮಗಳ ಮಾತಿಗೆ ಮನೆಯಲ್ಲಿ ತೂಕವಿತ್ತು. ಗುಳಗಿ ನಿಂತಿತು.

ಮೊದಲ ವಾರ ಹಬ್ಬದಂತಿತ್ತು. ಅಣ್ಣನ ನಡುಕ ಇಳಿಯಿತು. ಬೆಳಗಿನ ಜಾವ ಎದ್ದು ಎಮ್ಮೆ ಹಿಂಡಿದ. ನಗೆಚಾಟಿಕೆ ಮಾಡಿದ. ಅವ್ವ ಹೋಳಿಗೆ ಮಾಡಿದಳು. ‘ನೋಡ್ರಿ, ನಾ ಹೇಳಿದ್ದಿಲ್ಲಾ?’ ಎಂದೆ.

ಆರನೇ ವಾರ ಒಂದು ರಾತ್ರಿ ಅಣ್ಣ ಮನೆಯಿಂದ ಹೋದ. ಮೂರನೇ ದಿನ ಭಾಲ್ಕಿ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಪ್ಪ ಹತ್ತಿರ ಹೋದರೆ, ‘ನೀ ನಮ್ಮಪ್ಪ ಅಲ್ಲ’ ಎಂದು ಹಿಂದೆ ಸರಿದನಂತೆ. ನಮ್ಮಪ್ಪ ಅತ್ತದ್ದು ನನಗೆ ಗೊತ್ತಿರುವುದು ಅದೊಂದೇ ಸಲ.

ಎರಡು ಗೆರೆಗಳು

ಮತ್ತೆ ದವಾಖಾನೆಗೆ ಹೋದಾಗ ಬೈಗುಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಡಾಕ್ಟರ್ ಬೈಯಲಿಲ್ಲ. ‘ಯಾಕ ಬಿಟ್ರಿ?’ ಎಂದಷ್ಟೇ ಕೇಳಿದರು. ನಡುಕ, ನಿದ್ದೆ ಎಂದೆ. ‘ಅದನ್ನ ನನಗ ಹೇಳಬೇಕಿತ್ತು’ ಎಂದು ಚೀಟಿಯ ಹಿಂಬದಿಗೆ ಎರಡು ಗೆರೆ ಎಳೆದರು.

ಒಂದು ಗೆರೆ ಅಡ್ಡಪರಿಣಾಮದ್ದು. ಗುಳಗಿ ಶುರುಮಾಡಿದ ಕೂಡಲೇ ಏರುತ್ತದೆ, ಬಿಟ್ಟರೆ ಬೇಗ ಇಳಿಯುತ್ತದೆ. ಇನ್ನೊಂದು ಕಾಯಿಲೆಯದು. ಗುಳಗಿ ತೆಗೆದುಕೊಂಡರೆ ನಿಧಾನವಾಗಿ ಇಳಿಯುತ್ತದೆ, ಬಿಟ್ಟರೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಏರುತ್ತದೆ. ಶುರುವಿನಲ್ಲಿ ತೊಂದರೆ ಮೊದಲು, ಗುಣ ಆಮೇಲೆ. ಬಿಟ್ಟಾಗ ಹಿತ ಮೊದಲು, ಪೆಟ್ಟು ಆಮೇಲೆ. ಆ ಮೊದಲ ವಾರದ ಹಿತವನ್ನೇ ನಾನು ಸಾಕ್ಷಿ ಎಂದುಕೊಂಡಿದ್ದೆ.

ಹಾಸ್ಟೆಲ್‌ನ ಗೀಸರ್ ನೆನಪಾಯಿತು. ಬಿಸಿನೀರು ಬರುವುದು ತಡ. ತಡೆಯದೆ ನಲ್ಲಿಯನ್ನು ಇನ್ನಷ್ಟು ತಿರುಗಿಸಿದರೆ ಕೈ ಸುಡುತ್ತದೆ. ತಡವಾಗಿ ಉತ್ತರ ಕೊಡುವ ಯಾವುದನ್ನೂ ಆ ಕ್ಷಣದ ಉತ್ತರ ನೋಡಿ ತಿರುಗಿಸಬಾರದು.

ನಡುಕಕ್ಕೂ ಕಾರಣವಿದೆ. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವಿದೆ. ಈ ಕಾಯಿಲೆಯಲ್ಲಿ ಮೆದುಳಿನ ಕೆಲವು ಭಾಗಗಳಲ್ಲಿ ಅದರ ಆಟ ಅತಿಯಾಗುತ್ತದೆ. ಆಂಟಿಸೈಕೋಟಿಕ್ ಔಷಧಗಳು ಅದನ್ನು ತಡೆಯುತ್ತವೆ. ಕೈಕಾಲಿನ ಚಲನೆಗೂ ಅದೇ ಡೋಪಮಿನ್ ಬೇಕಾದ್ದರಿಂದ ತಡೆ ಹೆಚ್ಚಾದರೆ ನಡುಕ, ಬಿಗಿತ. ಡಾಕ್ಟರ್ ಅಣ್ಣನಿಗೆ ಮೊದಲಿಗಿಂತ ಕಡಿಮೆ ಡೋಸ್‌ನಿಂದ ಶುರುಮಾಡಿ, ನಡುಕಕ್ಕೆ ಬೇರೊಂದು ಗುಳಗಿ ಕೊಟ್ಟು, ಎಲ್ಲವನ್ನೂ ರಾತ್ರಿ ಊಟದ ಮೇಲಕ್ಕೆ ಬದಲಿಸಿದರು. ಅಷ್ಟರಿಂದಲೇ ನಡುಕ ಬಹುಪಾಲು ಹೋಯಿತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ನಾವು ಕೇಳಿರಲಿಲ್ಲ.

ಇಪ್ಪತ್ತು ರೂಪಾಯಿಯ ನೋಟ್‌ಬುಕ್

ಅಂದಿನಿಂದ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ತಾರೀಖು, ಗುಳಗಿ, ನಿದ್ದೆ, ನಡುಕ, ತೂಕ. ಬರೆಯುವವನು ಅಣ್ಣನೇ. ಗುಳಗಿ ನುಂಗಿದೆಯಾ ಎಂದು ಬಾಯಿ ತೆರೆಸಿ ನೋಡುವ ಪೊಲೀಸ್ ಕೆಲಸ ನಾವು ಬಿಟ್ಟಿದ್ದೇವೆ. ಆ ನೋಟ್‌ಬುಕ್ ಹಿಡಿದುಕೊಂಡು ಡಾಕ್ಟರ್ ಬಳಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಯಾರ ಮನೆಗಾದರೂ ಬೇಕಾಗಬಹುದು.

ಒಂದು ಹೊತ್ತಿನ ಗುಳಗಿ ತಪ್ಪಿದರೆ ಮುಂದಿನ ಸಲ ಎರಡು ನುಂಗಬಾರದು. ಈ ಔಷಧಗಳು ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೇ ಬಿಡುವಂತಿಲ್ಲ. ಕಡಿಮೆ ಮಾಡಬೇಕಾದರೆ ಡಾಕ್ಟರ್ ಜೊತೆ ಮಾತಾಡಿ ಹಂತ ಹಂತವಾಗಿ ಮಾಡಬೇಕು. ಮೊದಲ ಸಲ ಕಾಯಿಲೆ ಬಂದವರಿಗೂ ಗುಣವಾದ ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸುತ್ತಾರೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕು. ದಿನವೂ ನುಂಗುವುದು ಕಷ್ಟವಾದವರಿಗೆ ಕೆಲವು ವಾರಗಳಿಗೊಮ್ಮೆ ಕೊಡುವ ಸೂಜಿಯೂ ಉಂಟು.

ಎಲ್ಲ ಗುಳಗಿಯ ಸ್ವಭಾವ ಒಂದೇ ಅಲ್ಲ. ಓಲಾಂಜಪಿನ್‌ನಂಥವು ಹಸಿವು, ತೂಕ, ಸಕ್ಕರೆ, ಕೊಬ್ಬು ಏರಿಸಬಹುದು. ಅದಕ್ಕೇ ಆಗಾಗ ತೂಕ ನೋಡಿ ರಕ್ತ ಪರೀಕ್ಷೆ ಮಾಡಿಸಬೇಕು. ರಿಸ್ಪೆರಿಡೋನ್‌ನಿಂದ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಬಹುದು. ನಾಚಿಕೆಯಿಂದ ಮುಚ್ಚಿಡದೆ ಹೇಳಿದರೆ ಡಾಕ್ಟರ್ ಔಷಧ ಬದಲಿಸಬಲ್ಲರು. ಬೇರೆ ಔಷಧಗಳಿಗೆ ಬಗ್ಗದ ಕಾಯಿಲೆಗೆ ಕೊಡುವ ಕ್ಲೋಜಪಿನ್‌ಗೆ, ಬಿಳಿ ರಕ್ತಕಣ ಕುಸಿಯುವ ಅಪಾಯ ಇರುವುದರಿಂದ, ಶುರುವಿನ ತಿಂಗಳುಗಳಲ್ಲಿ ಪ್ರತಿ ವಾರ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಸಿಗರೇಟು, ಬೀಡಿಯ ಹೊಗೆ ಓಲಾಂಜಪಿನ್, ಕ್ಲೋಜಪಿನ್‌ನ ಪ್ರಮಾಣವನ್ನು ರಕ್ತದಲ್ಲಿ ಇಳಿಸುತ್ತದೆ. ಹಾಗಾಗಿ ಸೇದುವುದನ್ನು ಬಿಟ್ಟರೂ ಡಾಕ್ಟರ್‌ಗೆ ಹೇಳಬೇಕು. ಕುಡಿತದೊಂದಿಗೆ ಮಂಪರು ಹೆಚ್ಚುತ್ತದೆ. ಗಾಂಜಾ ಕಾಯಿಲೆಯನ್ನೇ ಕೆರಳಿಸುತ್ತದೆ.

ನಮ್ಮ ಬೀದರ್ ಬಿಸಿಲಿಗೆ ಇನ್ನೊಂದು ಮಾತು. ಈ ಔಷಧಗಳು ಮೈಯ ಶಾಖ ಹತೋಟಿಗೆ ಅಡ್ಡಿಯಾಗಬಹುದು. ಮೇ ತಿಂಗಳ ಮಧ್ಯಾಹ್ನ ಅಣ್ಣ ಹೊಲಕ್ಕೆ ಹೋಗುವುದಿಲ್ಲ, ನೀರಿನ ಬಾಟಲಿ ಬಿಡುವುದಿಲ್ಲ. ಜೋರು ಜ್ವರ, ಮೈ ಕಟ್ಟಿಗೆಯಂತೆ ಬಿಗಿಯುವುದು, ಮಂಕು ಕವಿಯುವುದು ಒಟ್ಟಿಗೆ ಕಂಡರೆ ಅದು ಅಪರೂಪದ, ಆದರೆ ಜೀವಕ್ಕೇ ಕುತ್ತು ತರುವ ಲಕ್ಷಣ. ಬೆಳಗಾಗಲಿ ಎಂದು ಕಾಯಬಾರದು. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೂ ಅಂದೇ ತೋರಿಸಬೇಕು. ಸಾಯುವ ಮಾತಾಡಿದರೂ ಹಾಗೆಯೇ.

ಎಲ್ಲಿಗೆ ಹೋಗಬೇಕು?

ಈ ಬಗೆಯ ಮೊದಲ ಔಷಧ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದದ್ದು 1952ರಲ್ಲಿ, ಫ್ರಾನ್ಸ್‌ನಲ್ಲಿ. ಅದಕ್ಕೂ ಮುಂಚೆ ಎಷ್ಟೋ ಮಂದಿ ಆಸ್ಪತ್ರೆಯ ಗೋಡೆಗಳೊಳಗೇ ಆಯುಷ್ಯ ಕಳೆದರು. ಹಳ್ಳಿಯವರಿಗೂ ಚಿಕಿತ್ಸೆ ಮುಟ್ಟಿಸಬಹುದು ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ತೀರ್ಥಹಳ್ಳಿ ತಾಲ್ಲೂಕಿನ ರೋಗಿಗಳ ಬಗ್ಗೆ ಮಾಡಿದ ಅಧ್ಯಯನದಲ್ಲಿ, ಔಷಧ ತೆಗೆದುಕೊಂಡವರು ದಿನದ ಕೆಲಸಗಳನ್ನು ಹೆಚ್ಚು ಚೆನ್ನಾಗಿ ನಿಭಾಯಿಸುವುದು ಕಂಡುಬಂತು.

ನಮ್ಮಲ್ಲಿ ಬೀದರ್‌ನ ಬ್ರಿಮ್ಸ್ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಎಂಬ ವ್ಯವಸ್ಥೆ ಇದೆ. ಔರಾದ್, ಭಾಲ್ಕಿಯವರು ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ವಿಚಾರಿಸಿ. ಟೆಲಿಮಾನಸ್‌ನ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಕೊಟ್ಟ ಹಕ್ಕು.

ಕಾನೂನು ಹಕ್ಕು ಕೊಟ್ಟಿದೆ, ನಿಜ. ಆದರೂ ನಮ್ಮ ಬಳಗದಲ್ಲಿ ಹೇಳಿಕೊಳ್ಳುವಂತಿಲ್ಲ. ‘ತಂಗಿ ಲಗ್ನಕ್ಕ ಅಡ್ಡಿ ಆಗ್ತದ, ಯಾರಿಗೂ ಹೇಳಬ್ಯಾಡ್ರಿ’ ಎಂದು ಸೋದರತ್ತೆ ಈಗಲೂ ಅವ್ವನಿಗೆ ಹೇಳುತ್ತಾಳೆ. ಆ ಮುಚ್ಚುಮರೆಯಿಂದಲೇ ಅಂದು ನಾವು ಯಾರನ್ನೂ ಕೇಳದೆ ಗುಳಗಿ ಬಿಟ್ಟೆವು. ಕೇಳಿದರೆ ಸುದ್ದಿಯಾಗುತ್ತದೆ ಎಂಬ ಹೆದರಿಕೆ.

ಅಣ್ಣ ಈಗ ಔರಾದ್‌ನಲ್ಲಿ ಮೋಟಾರ್ ರಿಪೇರಿ ಅಂಗಡಿಯಲ್ಲಿದ್ದಾನೆ. ಪಂಪ್‌ಸೆಟ್‌ನ ಕಾಯಿಲ್ ಸುತ್ತುತ್ತಾನೆ. ಡಿಗ್ರಿ ಮುಗಿಯಲಿಲ್ಲ. ಒಮ್ಮೊಮ್ಮೆ ದನಿ ಸಣ್ಣಗೆ ಕೇಳುತ್ತದಂತೆ. ಕೇಳಿದ ದಿನ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕಿ ಇಡುತ್ತಾನೆ. ಇದನ್ನು ಬರೆಯಲೇ ಎಂದು ಕೇಳಿದಾಗ, ‘ಬರಿ, ನನ್ನ ಹೆಸರು ಹಾಕಬ್ಯಾಡ’ ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮತ್ತೆ ಫೋನ್ ಮಾಡಿದ.

‘ಆ ಮೊದಲನೇ ವಾರದ್ದು ಬರದಿದಿಯಾ?’

‘ಬರದೀನಿ ಅಣ್ಣ.’

‘ಅದು ಇರಲಿ. ನಂಗೂ ಖರೇ ಅನಿಸಿತ್ತು ಅದು.’