ಅರಮನೆ ಕಟ್ಟಿಸಿದವರು ಯಾರು?

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ಸ್ಥಳೀಯ ಇತಿಹಾಸದ ಪಾಠಕ್ಕೆ ನಾನು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯನ್ನು ಆರಿಸಿಕೊಂಡಿದ್ದೆ. ಪಾಠಯೋಜನೆಯಲ್ಲಿ ‘ಕಟ್ಟಿಸಿದವರು: ಶಿವಪ್ಪನಾಯಕ’ ಎಂದು ಬರೆದೂ ಆಗಿತ್ತು. ನವುಲೆಯ ಹುಡುಗಿಯೊಬ್ಬಳು ಎದ್ದು, “ಟೀಚರ್, ರಾಜಧಾನಿ ಬಿದನೂರು ಅಂದ್ರಿ, ಅರಮನೆ ಇಲ್ಲಿ ಯಾಕೆ?” ಎಂದಳು. ಉತ್ತರ ಗೊತ್ತಿರಲಿಲ್ಲ, ಕೇಳಿಸದವಳಂತೆ ಪಾಠ ಮುಂದುವರಿಸಿದೆ.

ಆಮೇಲೆ ಓದಿದೆ. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಹೈದರ್ ಅಲಿ ಬಿದನೂರನ್ನು ಗೆದ್ದದ್ದು 1763ರಲ್ಲಿ. ಈಗಿರುವ ಕಟ್ಟಡ ಹೈದರನದು ಎಂಬುದು ಕಲಾ ಇತಿಹಾಸಕಾರ ಜಾರ್ಜ್ ಮಿಚೆಲ್ ಅವರ ಅಭಿಪ್ರಾಯ. ಭೂಕಂದಾಯದ ‘ಶಿಸ್ತು’ ತಂದ ದೊರೆಯನ್ನು ಮಲೆನಾಡು ಮರೆತಿಲ್ಲ. ಹೆಸರು ಹಾಗೆ ಅಂಟಿಕೊಂಡಿರಬಹುದು ಎಂಬುದು ನನ್ನ ಊಹೆ.

ಮುಂದಿನ ಪಾಠವನ್ನು ಅರಮನೆಯಲ್ಲೇ ಮಾಡಿದೆ. ಮರದ ಕಂಬ, ಕಮಾನು, ಮೇಲಂತಸ್ತಿನ ಮೊಗಸಾಲೆಗಳನ್ನು ಮಕ್ಕಳು ಬರೆದುಕೊಂಡರು. 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪು ಅರಮನೆಯ ಚಿತ್ರ ತೋರಿಸಿದಾಗ, “ಎರಡೂ ಒಂದೇ ಥರ!” ಎಂದರು. ಹೋಲಿಕೆ ಕಾಲವನ್ನು ಸೂಚಿಸೀತು, ಕಟ್ಟಿಸಿದವರ ಹೆಸರನ್ನಲ್ಲ ಎಂದು ಅಲ್ಲೇ ಹೇಳಬೇಕಾಯಿತು. ಅಂಗಳದ ವೀರಗಲ್ಲು, ಮಾಸ್ತಿಕಲ್ಲುಗಳೂ ಅರಮನೆಯವೇ ಎಂದು ಹಲವರು ಬರೆದಿದ್ದರು. ಅವು ಬೇರೆಡೆಯಿಂದ ತಂದು ವಸ್ತುಸಂಗ್ರಹಾಲಯದಲ್ಲಿ ಇಟ್ಟವು. ಇದನ್ನು ಹೊರಡುವ ಮೊದಲೇ ತಿಳಿಸಬೇಕಿತ್ತು.

ತರಗತಿಗೆ ಮರಳಿ ಕಪ್ಪುಹಲಗೆಯಲ್ಲಿ ‘ಜನ ಹೇಳುವುದು’, ‘ವಿದ್ವಾಂಸರು ಹೇಳುವುದು’ ಎಂದು ಎರಡು ಕಾಲಂ ಎಳೆದೆ. ಅದೇ ಹುಡುಗಿ ಸೀಮೆಸುಣ್ಣ ಕೇಳಿ, ಪಕ್ಕದಲ್ಲಿ ಮೂರನೆಯದು ಎಳೆದಳು: ‘ನಾವು ನೋಡಿದ್ದು’.