ದುಡಿಮೆಯ ಎತ್ತರ

ದೇಹದ ಎತ್ತರವು ಹುಟ್ಟಿನಿಂದ ಬರುತ್ತದೆ. ಔನ್ನತ್ಯವನ್ನು ಮಾತ್ರ ದುಡಿದೇ ಪಡೆಯಬೇಕಾಗುತ್ತದೆ. ಬ್ಯಾಸ್ಕೆಟ್‌ಬಾಲ್ ಆಟವನ್ನು ನೋಡುವವರಲ್ಲಿ ಅನೇಕರು ‘ಆತ ಎತ್ತರದವನು, ಆದ್ದರಿಂದ ಗೆದ್ದ’ ಎಂದು ಸುಲಭವಾಗಿ ತೀರ್ಮಾನಿಸುವುದುಂಟು. ಯಾನಿಸ್ ಅಂಟೆಟೊಕೊಂಪೊ ಎಂಬ ಆಟಗಾರನ ಜೀವನವನ್ನು ಅವಲೋಕಿಸಿದರೆ ಈ ತೀರ್ಮಾನವು ಎಷ್ಟು ಅಪೂರ್ಣವಾದುದೆಂಬುದು ಮನವರಿಕೆಯಾಗುತ್ತದೆ.

1994ರ ಡಿಸೆಂಬರ್ 6ರಂದು ಗ್ರೀಸ್ ದೇಶದ ಅಥೆನ್ಸ್ ನಗರದಲ್ಲಿ ಈತನ ಜನನವಾಯಿತು. ತಂದೆ ಚಾರ್ಲ್ಸ್, ತಾಯಿ ವೆರೋನಿಕಾ ಜೀವನೋಪಾಯವನ್ನರಸಿ ನೈಜೀರಿಯಾದಿಂದ ಬಂದವರು. ಹುಟ್ಟಿದ ನೆಲವೇ ಆದರೂ ಗ್ರೀಸ್ ಈತನಿಗೆ ಪೌರತ್ವವನ್ನು ನೀಡಿದುದು 2013ರಲ್ಲಿ, ಹದಿನೆಂಟು ತುಂಬಿದ ಮೇಲೆ. ಬಾಲ್ಯದಲ್ಲಿ ಅಣ್ಣತಮ್ಮಂದಿರು ಬೀದಿಬೀದಿ ಅಲೆದು ಗಡಿಯಾರ, ತಂಪುಕನ್ನಡಕಗಳನ್ನು ಮಾರಿ ಮನೆಗೆ ನೆರವಾದರು. ಯಾನಿಸ್ ಮತ್ತು ಅಣ್ಣ ಥನಾಸಿಸ್ ಒಂದೇ ಜೊತೆ ಬೂಟುಗಳನ್ನು ಸರದಿಯಂತೆ ಮೆಟ್ಟಿ ಆಡಿದರು.

2013ರಲ್ಲಿ ಅಮೆರಿಕೆಯ ಎನ್.ಬಿ.ಎ. ಆಟಗಾರರ ಆಯ್ಕೆಯಲ್ಲಿ ಮಿಲ್ವಾಕಿ ಬಕ್ಸ್ ತಂಡವು ಈ ಹುಡುಗನನ್ನು 15ನೆಯವನನ್ನಾಗಿ ಆರಿಸಿಕೊಂಡಿತು. ಮೊದಲ ವರ್ಷದಲ್ಲೊಮ್ಮೆ ಕೈಯಲ್ಲಿದ್ದ ಹಣವನ್ನೆಲ್ಲ ತಂದೆತಾಯಿಗಳಿಗೆ ಕಳುಹಿಸಿ, ಬಾಡಿಗೆ ಕಾರಿಗೂ ಕಾಸಿಲ್ಲದೆ ಕೊರೆಯುವ ಚಳಿಯಲ್ಲಿ ಕ್ರೀಡಾಂಗಣದತ್ತ ಓಡುತ್ತಿದ್ದಾಗ, ದಾರಿಹೋಕ ದಂಪತಿಗಳು ಗುರುತಿಸಿ ತಮ್ಮ ಕಾರಿನಲ್ಲಿ ಕರೆದೊಯ್ದರಂತೆ! ಆ ವರ್ಷ ಪಂದ್ಯಕ್ಕೆ ಸರಾಸರಿ 6.8 ಅಂಕ ಗಳಿಸಿದವನು 2016-17ರಲ್ಲಿ 22.9 ಅಂಕ ಗಳಿಸಿದನು. 2019 ಮತ್ತು 2020ರಲ್ಲಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದನು.

ಇಷ್ಟಾದರೂ ಒಂದು ಕೊರತೆಯು ಉಳಿದೇ ಇತ್ತು. ಬುಟ್ಟಿಯ ಹಲಗೆಯಿಂದ 15 ಅಡಿ ದೂರದ ಗೆರೆಯ ಹಿಂದೆ ನಿಂತು, ಎದುರಾಳಿಯ ತಡೆಯಿಲ್ಲದೆ ಚೆಂಡೆಸೆಯುವುದಕ್ಕೆ ‘ಫ್ರೀ ಥ್ರೋ’ ಎನ್ನುತ್ತಾರೆ. ಇಲ್ಲಿ ಎತ್ತರದ ಆಸರೆ ಅಲ್ಪ, ಸ್ಥಿರಚಿತ್ತವೇ ಪ್ರಧಾನ. 2021ರ ನಿರ್ಣಾಯಕ ಸುತ್ತುಗಳಲ್ಲಿ ಈತನ ಎಸೆತಗಳು ಹೆಚ್ಚುಕಡಿಮೆ ಅರ್ಧದಷ್ಟು ತಪ್ಪುತ್ತಿದ್ದವು. ಎಸೆಯಲು ನಿಯಮವು ಕೊಡುವ ಹತ್ತು ಸೆಕೆಂಡುಗಳನ್ನು ಪರಸ್ಥಳಗಳ ಪ್ರೇಕ್ಷಕರು ಗಟ್ಟಿಯಾಗಿ ಎಣಿಸಿ ಹಾಸ್ಯ ಮಾಡಿದರು. ಸಾಲದೆಂಬಂತೆ ಜೂನ್ ಕೊನೆಯಲ್ಲಿ ಮೊಣಕಾಲಿಗೆ ಪೆಟ್ಟಾಗಿ ಎರಡು ಪಂದ್ಯಗಳು ತಪ್ಪಿದವು. ಆದರೂ ಈತನು ನಾಚಿ ಹಿಂದೆ ಸರಿಯಲಿಲ್ಲ. ಬುಟ್ಟಿಯತ್ತ ನುಗ್ಗುವುದನ್ನು ಬಿಡಲಿಲ್ಲ. ಅದೇ ಗೆರೆಯ ಬಳಿ ಮತ್ತೆ ಮತ್ತೆ ಹೋಗಿ ನಿಂತನು. ಜುಲೈ 20ರಂದು ಫೀನಿಕ್ಸ್ ತಂಡದ ವಿರುದ್ಧ ನಡೆದ ಕೊನೆಯ ಪಂದ್ಯದಲ್ಲಿ ಅಂತಹ 19 ಎಸೆತಗಳಲ್ಲಿ 17 ಬುಟ್ಟಿ ಸೇರಿದವು! ಒಟ್ಟು 50 ಅಂಕಗಳು ಈತನವೇ. 1971ರ ನಂತರ ಮಿಲ್ವಾಕಿಗೆ ಅದೇ ಮೊದಲ ಕಿರೀಟ. ಅದನ್ನು ಕಣ್ಣಾರೆ ಕಾಣುವ ಭಾಗ್ಯ ತಂದೆಗಿರಲಿಲ್ಲ. ಅವರು 2017ರಲ್ಲಿಯೇ ತೀರಿಕೊಂಡಿದ್ದರು.

ದುಡಿದವನಿಗೆ ಪ್ರತಿಸಲವೂ ಜಯ ಲಭಿಸುವುದೆಂದು ಭಾವಿಸಬಾರದು. 2023ರಲ್ಲಿ ಇದೇ ತಂಡವು ಲೀಗಿನಲ್ಲೇ ಅತ್ಯಧಿಕ ಜಯಗಳನ್ನು ಗಳಿಸಿಯೂ ನಿರ್ಣಾಯಕ ಹಂತದ ಮೊದಲ ಸುತ್ತಿನಲ್ಲೇ ಸೋತಿತು. ಈ ವರ್ಷವು ವಿಫಲವಾಯಿತೇ ಎಂದು ಪತ್ರಕರ್ತರೊಬ್ಬರು ಕೇಳಿದಾಗ, ಮೈಕೆಲ್ ಜೋರ್ಡನ್ 15 ವರ್ಷ ಆಡಿ 6 ಸಲ ಗೆದ್ದನು, ಉಳಿದ 9 ವರ್ಷಗಳು ವ್ಯರ್ಥವೇ ಎಂದು ಯಾನಿಸ್ ಮರುಪ್ರಶ್ನೆ ಹಾಕಿದನು. ಸೋಲನ್ನು ಆತ ಯಶಸ್ಸಿನ ಹಾದಿಯ ಮೆಟ್ಟಿಲೆಂದೇ ಬಗೆದನು.

ನಮ್ಮ ಮಕ್ಕಳೂ ಪರೀಕ್ಷೆಯೆಂಬ ಗೆರೆಯ ಹಿಂದೆ ಒಂಟಿಯಾಗಿ ನಿಲ್ಲುವವರೇ ಅಲ್ಲವೇ? ಒಮ್ಮೆ ಗುರಿ ತಪ್ಪಿದರೆಂದು ಅವರ ಸೋಲುಗಳನ್ನು ಗಟ್ಟಿಯಾಗಿ ಎಣಿಸುವ ಗುಂಪಿನಲ್ಲಿ ಹೆತ್ತವರೂ ಸೇರಿಕೊಳ್ಳಬಾರದು. ಮತ್ತೆ ಹೋಗಿ ನಿಲ್ಲುವ ಧೈರ್ಯವನ್ನು ಅವರಲ್ಲಿ ತುಂಬುವುದೇ ಮನೆಯ ಕರ್ತವ್ಯ.